ಬೇಗಂಪೇಟೆಯಿಂದ ಜಹೀರಾಬಾದಿಗೆ ಬೆಳಕಿನ ದಾರಿ

ಪ್ರಾಣೇಶನ ಮಾತು ಬಂದರೆ ನನಗೆ ಮೊದಲು ಬರುವುದು ಸಿಟ್ಟು. ಉಳಿದದ್ದೆಲ್ಲ ಆಮೇಲೆ. ಹದಿನೆಂಟು ವರ್ಷ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವಳು ನಾನು, ಶಿವದೇವಿ. ಅವನಿಗಿಂತ ಆರು ವರ್ಷ ದೊಡ್ಡವಳು. ಅವನ ಮೇಲೆ ಸಿಟ್ಟಾಗುವ ಹಕ್ಕು ಅವನ ಹೆಂಡತಿ ಅಮಿತಾಳನ್ನು ಬಿಟ್ಟರೆ ನನಗೊಬ್ಬಳಿಗೇ ಇರುವುದು.

ನಮ್ಮ ಆಫೀಸು ಹೈದರಾಬಾದಿನ ಬೇಗಂಪೇಟೆಯಲ್ಲಿ, ಹಳೆಯ ವಿಮಾನ ನಿಲ್ದಾಣದ ಗೋಡೆಯ ಎದುರಿಗೆ. ಎಷ್ಟೋ ಬಸ್ಸು ಕಂಪನಿಗಳ ಸೀಟು ಕಾಯ್ದಿರಿಸುವ ಕೆಲಸ ನಮ್ಮ ಯಂತ್ರಗಳ ಮೇಲೆ ನಡೆಯುತ್ತದೆ. ಯಂತ್ರ ಎಂದರೆ ಮೇಜಿನ ಮೇಲಿಡುವ ಪೆಟ್ಟಿಗೆಯಲ್ಲ, ಮನೆಯ ಕಬ್ಬಿಣದ ಕಪಾಟಿನಷ್ಟು ಎತ್ತರದ ಮೇನ್‌ಫ್ರೇಮ್. ಅಂಥವು ಎರಡಿವೆ. ಎರಡಾದರೂ ಒಂದೇ ಯಂತ್ರದ ಹಾಗೆ ದುಡಿಯುತ್ತವೆ. ಒಂದು ಕೆಟ್ಟರೆ ಇನ್ನೊಂದು ಪೂರ್ತಿ ಭಾರ ಹೊರುತ್ತದೆ, ಟಿಕೆಟ್ ತೆಗೆಯುವವನಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಹೀಗೆ ಜೋಡಿಯಾಗಿ ಬದುಕಬೇಕಾದರೆ ಅವು ಪ್ರತಿ ಹೆಜ್ಜೆಗೂ ಒಂದನ್ನೊಂದು ಕೇಳುತ್ತಿರಬೇಕು. ವಿಜಯವಾಡದ ಬಸ್ಸಿನ ಹದಿನಾಲ್ಕನೆಯ ಸೀಟು ನಾನು ಕೊಡಲೇ, ನೀನು ಯಾರಿಗೂ ಕೊಟ್ಟಿಲ್ಲ ತಾನೇ? ಇಲ್ಲ, ಕೊಡು. ಈ ಉತ್ತರ ಬರುವ ತನಕ ಕೇಳಿದ ಯಂತ್ರ ಕೈಕಟ್ಟಿಕೊಂಡು ನಿಂತಿರಬೇಕು. ಇಲ್ಲದಿದ್ದರೆ ಒಂದೇ ಸೀಟಿಗೆ ಇಬ್ಬರು ಬಂದು ಕೂತು ಜುಟ್ಟು ಹಿಡಿದುಕೊಳ್ಳುತ್ತಾರೆ. ಎರಡೂ ಒಂದೇ ಕೋಣೆಯಲ್ಲಿ ಇದ್ದುದರಿಂದ ಆ ಕಾಯುವಿಕೆ ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಈ ಜೋಡಿಯನ್ನು ನೋಡಿಕೊಳ್ಳುವವನು ಪ್ರಾಣೇಶ. ಬೀದರಿನ ಮನೆತನ, ಅಜ್ಜ ಕಂದಾಯ ಇಲಾಖೆಯವರು, ತಂದೆ ಅಂಚೆಯವರು. ಇವನಿಗೆ ಮಾತ್ರ ಈ ಯಂತ್ರಗಳ ಹುಚ್ಚು ಹಿಡಿಯಿತು. ಮದುವೆಯಾಗಿ ಹತ್ತೊಂಬತ್ತು ವರ್ಷ. ಅಮಿತಾ ಜಹೀರಾಬಾದಿನ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳುತ್ತಾಳೆ. ಟೀಚರುಗಳ ನೌಕರಿ ಜಿಲ್ಲೆಗೆ ಕಟ್ಟಿಹಾಕಿದ ನೌಕರಿ, ಹೈದರಾಬಾದಿಗೆ ವರ್ಗ ಮಾಡಿಸಿಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ. ಇವನ ಯಂತ್ರ ಜಹೀರಾಬಾದಿಗೆ ಬರುವುದಿಲ್ಲ. ಹಾಗಾಗಿ ಇವನು ಹೈದರಾಬಾದಿನ ತಾರ್ನಾಕದಲ್ಲಿ ಮಹಡಿಯ ಮೇಲಿನ ಒಂದು ಕೋಣೆ, ಅವಳು ಅಲ್ಲಿ ಎರಡು ಕೋಣೆಯ ಮನೆ. ಶನಿವಾರ ಸಂಜೆ ಬಸ್ಸು ಹತ್ತಿ ಹೋಗುತ್ತಾನೆ, ಭಾನುವಾರ ಸಂಜೆ ಬಸ್ಸು ಹತ್ತಿ ಬರುತ್ತಾನೆ. ಮಕ್ಕಳಾಗಲಿಲ್ಲ. ಯಾಕೆ ಎಂದು ಕೇಳುವ ಹೆಂಗಸರಿಗೆ ಅಮಿತಾ, "ವಾರಕ್ಕ ಒಮ್ಮೆ ಬರೂ ಗಂಡನ ಜೋಡಿ ಮಾತು ಮುಗಿಯೂದ ಕಷ್ಟ ಐತ್ರಿ, ಮಕ್ಕಳೆಲ್ಲಿಂದ ಬರಬೇಕು?" ಎಂದು ನಗುತ್ತಿದ್ದಳು. ನನಗೂ ಒಮ್ಮೆ ಹಾಗೇ ಹೇಳಿದಳು. ನಕ್ಕು ಆದ ಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಪ್ರಾಣೇಶನದು ವಿಚಿತ್ರ ಸ್ವಭಾವ. ಕೈಯಲ್ಲಿ ಚಹಾದ ಲೋಟ ಹಿಡಿದು, ಗಾಜಿನ ಎಳೆಯ ಕೇಬಲ್‌ಗಳು ಬಂದು ಸೇರುವ ಹಲಗೆಯ ಮುಂದೆ ನಿಂತುಬಿಡುತ್ತಿದ್ದ. ಚಹಾ ಆರಿ ಕೆನೆಗಟ್ಟುತ್ತಿತ್ತು.

"ಅಕ್ಕಾ, ಇಷ್ಟ ಕೂದಲಿನಂಥಾ ಗಾಜಿನಾಗ ಬೆಳಕು ಓಡತೈತಿ ನೋಡ್ರಿ. ನಾವು ಹೂಂ ಅನ್ನೂದರಾಗ ದಿಲ್ಲಿಗೆ ಹೋಗಿ ಬಂದಿರತೈತಿ. ಅದಕ್ಕ ದಾರ್ಯಾಗ ಏನರೆ ಕಾಣತಿರಬಹುದಾ?"

"ಮಣ್ಣು ಕಾಣತಿರಬೇಕು. ಮೊದಲು ಚಾ ಕುಡಿ ಮಾರಾಯಾ," ಎನ್ನುತ್ತಿದ್ದೆ ನಾನು.

ಒಂದು ವರ್ಷ ಮಳೆ ಹುಚ್ಚೆದ್ದು ಸುರಿಯಿತು. ಬೇಗಂಪೇಟೆಯ ನಾಲೆ ಉಕ್ಕಿ ನಮ್ಮ ನೆಲಮಾಳಿಗೆಯ ಬ್ಯಾಟರಿಗಳ ತನಕ ನೀರು ಬಂತು. ಇನ್ನು ಒಂದು ಗೇಣು ಏರಿದ್ದರೆ ಎರಡೂ ಯಂತ್ರ ಒಟ್ಟಿಗೇ ಮಲಗುತ್ತಿದ್ದವು. ಆಗ ದೊಡ್ಡವರಿಗೆ ಬುದ್ಧಿ ಬಂತು. ಒಂದು ಇಲ್ಲಿರಲಿ, ಇನ್ನೊಂದು ದೂರ ಇರಲಿ, ಜೋಡಿ ಮಾತ್ರ ಮುರಿಯದಿರಲಿ ಎಂದರು. ಕಂಪನಿಗೆ ಜಾಗ ಸಿಕ್ಕಿದ್ದಾದರೂ ಎಲ್ಲಿ? ಜಹೀರಾಬಾದಿನ ಹೊರಗೆ!

ನಮ್ಮ ಮೇಲಿನವರು ವಿಶ್ವಜಿತ್, ಪುಣೆಯ ಕಡೆಯವರು, ಒಳ್ಳೆಯ ಮನುಷ್ಯ, ಆತುರ ಹೆಚ್ಚು. ಗೋಡೆಯ ಮೇಲಿನ ನಕ್ಷೆಗೆ ಸ್ಕೇಲು ಇಟ್ಟು ಗೆರೆ ಎಳೆದರು. "ತೊಂಬತ್ತನಾಲ್ಕು ಕಿಲೋಮೀಟರ್! ಯಂತ್ರ ಮಾಡಿದವರು ನೂರರ ತನಕ ಸೈ ಅಂದಿದ್ದಾರೆ. ನಡೀತದ," ಎಂದರು. ನೂರು ದಾಟಿದರೆ ಎರಡು ಯಂತ್ರಗಳ ಗಡಿಯಾರ ಕೂಡಿಸಿ ಇಡುವ ಹೊಣೆ ನಮ್ಮದಲ್ಲ ಎಂದು ಯಂತ್ರದವರ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅಲ್ಲಿನ ಯಂತ್ರ ನೋಡಿಕೊಳ್ಳಲು ಯಾರು ಹೋಗುತ್ತೀರಿ ಎಂದು ಅವರು ಕೇಳಿ ಮುಗಿಸುವ ಮೊದಲೇ ಪ್ರಾಣೇಶನ ಕೈ ಮೇಲೆದ್ದಿತ್ತು.

ಇನ್ನು ಮುಂದಿನದು ಹೇಳಲು ನನಗೆ ಹೊಟ್ಟೆ ಉರಿಯುತ್ತದೆ. ಮರುವರ್ಷದ ಆ ಜೂನ್‌ನಲ್ಲೇ ಅಮಿತಾಳಿಗೆ ಒಂದು ಅವಕಾಶ ಬಂದಿತ್ತು. ಟೀಚರುಗಳಲ್ಲಿ ಅದಲುಬದಲು ವರ್ಗ ಎಂದು ಒಂದಿದೆ. ಇಬ್ಬರು ಒಪ್ಪಿ ಅರ್ಜಿ ಹಾಕಿದರೆ ಅವರ ಜಾಗಕ್ಕೆ ಇವರು, ಇವರ ಜಾಗಕ್ಕೆ ಅವರು. ಸರ್ಕಾರ ಅದಕ್ಕೆ ಬಾಗಿಲು ತೆರೆಯುವುದೇ ಎಷ್ಟೋ ವರ್ಷಕ್ಕೊಮ್ಮೆ. ತಾರ್ನಾಕದ ಶಾಲೆಯ ಟೀಚರೊಬ್ಬರು, ಅದೇ ವಿಜ್ಞಾನ, ಅತ್ತೆಮನೆ ಜಹೀರಾಬಾದು, ತಾವಾಗಿ ಅಮಿತಾಳನ್ನು ಹುಡುಕಿಕೊಂಡು ಬಂದಿದ್ದರು. ತಾರ್ನಾಕ! ಪ್ರಾಣೇಶನ ಕೋಣೆಯಿಂದ ನಡೆದು ಹೋಗುವಷ್ಟು ದೂರ.

ಅಮಿತಾ ಫೋನ್ ಮಾಡಿ ಕೇಳಿದಳು. ಇವನು ನನ್ನೆದುರಿಗೇ ಹೇಳಿದ, "ಬ್ಯಾಡ ಬಿಡು. ನಿನ್ನ ಶಾಲಿ, ನಿನ್ನ ಹುಡುಗರನ್ನ ಬಿಟ್ಟು ನೀ ಯಾಕ ಬರ್ತೀ? ನಾನಽ ಬರ್ತೀನಿ. ಮಷೀನ್ ಕರ್ಕೊಂಡು ಬರ್ತೀನಿ."

"ಖರೇನ?" ಎಂದಿದ್ದಳಂತೆ ಅವಳು.

"ತೊಂಬತ್ತನಾಲ್ಕು ಕಿಲೋಮೀಟರ್ ಐತಿ. ನೂರರ ಒಳಗೈತಿ. ಖರೇ."

ಅವಳು ಆ ಟೀಚರಿಗೆ ಆಗುವುದಿಲ್ಲ ಎಂದಳು. ಅವರು ಸಂಗಾರೆಡ್ಡಿಯ ಇನ್ನೊಬ್ಬರ ಜೊತೆ ಅರ್ಜಿ ಹಾಕಿದರು. ಬಾಗಿಲು ಮುಚ್ಚಿತು.

ಜುಲೈ ತಿಂಗಳೆಲ್ಲ ಪ್ರಾಣೇಶ ನೆಲದ ಮೇಲೆ ಇರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತರೆ ಕಣ್ಣು ಎಲ್ಲೋ. ಸೋಮವಾರ ಬೆಳಗ್ಗೆ ಜಹೀರಾಬಾದಿನಲ್ಲಿ ಏಳುವುದು ಹೇಗಿರುತ್ತದೆ ಎಂದು ಹೇಳುತ್ತಿದ್ದ. ಹಿತ್ತಲಿನ ಸೀತಾಫಲದ ಗಿಡದ ಮೇಲೆ ಮಂಜು ಇರುತ್ತದಂತೆ. ಅಮಿತಾ ಶಾಲೆಗೆ ಹೊರಟಾಗ ಇವನು ಗೇಟಿನ ತನಕ ಹೋಗುತ್ತಾನಂತೆ. ಮಧ್ಯಾಹ್ನ ಯಂತ್ರಕ್ಕೆ ಹೇಳಿ ಮನೆಗೆ ಬಂದು ಬಿಸಿ ರೊಟ್ಟಿ ತಿನ್ನುತ್ತಾನಂತೆ. ಸಂಜೆ ಇಬ್ಬರೂ ಕೊಹೀರ್ ರಸ್ತೆಯಲ್ಲಿ ಪೇರಲ ತೋಟಗಳ ಪಕ್ಕ ನಡೆಯುತ್ತಾರಂತೆ, ಏನೂ ಮಾತಾಡದೆ, ಮಾತು ನಾಳೆಗೂ ಉಳಿಸಬಹುದಲ್ಲ ಎನ್ನುವ ಧೈರ್ಯದಲ್ಲಿ. ಅವನು ಹೇಳುತ್ತಿದ್ದರೆ ನನಗೂ ಕಿಟಕಿಯ ಆಚೆ ವಿಮಾನ ನಿಲ್ದಾಣದ ಖಾಲಿ ಹುಲ್ಲುಗಾವಲು ಮಾಯವಾಗಿ ಪೇರಲ ತೋಟ ಕಾಣುತ್ತಿತ್ತು. ಬೈಯಬೇಕಾದವಳು ನಾನು, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನಂಬಿದ್ದೆ ಕೂಡ.

ಆಗಸ್ಟಿನಲ್ಲಿ ಕೇಬಲ್ ಅಳೆಯುವ ದಿನ ಬಂತು. ಹೆದ್ದಾರಿಯ ಅಂಚಿನಲ್ಲಿ ಮೊದಲೇ ಹೂತಿದ್ದ ಕೇಬಲ್ಲನ್ನು ಬಾಡಿಗೆಗೆ ಹಿಡಿದಿದ್ದರು. ಹೂತವರ ಕಾಗದ ತೊಂಬತ್ತೇಳು ಕಿಲೋಮೀಟರ್ ಎನ್ನುತ್ತಿತ್ತು. ಒಂದು ಉಪಕರಣದಿಂದ ಈ ತುದಿಯಲ್ಲಿ ಬೆಳಕಿನ ತುಣುಕು ಬಿಟ್ಟರೆ ಆ ತುದಿಗೆ ಬಡಿದು ಮರಳಿ ಬರುತ್ತದೆ. ಬರಲು ಹಿಡಿದ ಹೊತ್ತಿನಿಂದ ಉದ್ದ ಗೊತ್ತಾಗುತ್ತದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಪ್ರಾಣೇಶ ಗುಂಡಿ ಒತ್ತಿದ. ನೂರಾ ಹನ್ನೆರಡು ಎಂದು ಬಂತು.

"ಮತ್ತೊಮ್ಮೆ ಮಾಡು," ಎಂದೆ.

ಏಳು ಸಲ ಮಾಡಿದ. ಬೇರೆ ಎಳೆ, ಬೇರೆ ಉಪಕರಣ. ನೂರಾ ಹನ್ನೆರಡು. 

ಮರುದಿನ ನಾವಿಬ್ಬರೂ ಜೀಪಿನಲ್ಲಿ ಹೊರಟೆವು. ಹದಿನೈದು ಕಿಲೋಮೀಟರ್ ಎಲ್ಲಿ ಅಡಗಿದೆ ಎಂದು ಹುಡುಕಲು. ಮೋಡ ಕವಿದ ದಿನ, ಹೆದ್ದಾರಿಯ ಇಕ್ಕೆಲದಲ್ಲಿ ಹತ್ತಿಯ ಹೊಲಗಳು, ಗಾಳಿಯಲ್ಲಿ ತೇಲುವ ಸಣ್ಣ ಹನಿ. ಇಂಥ ದಿನ ಬೇರೆ ಕೆಲಸಕ್ಕೆ ಹೊರಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಸದಾಶಿವಪೇಟೆ ದಾಟಿದ ಮೇಲೆ ಯಾದಯ್ಯ ಸಿಕ್ಕ. ಮೂವತ್ತು ವರ್ಷದಿಂದ ಈ ದಾರಿಯ ಕೇಬಲ್ ಜೋಡಿಸುವವನು. ರಸ್ತೆಯಂಚಿನ ಗುಂಡಿಯ ಕಾಂಕ್ರೀಟ್ ಮುಚ್ಚಳ ಎತ್ತಿ ತೋರಿಸಿದ. ಒಳಗೆ ಕೇಬಲ್ ಸುತ್ತುಸುತ್ತಾಗಿ ಮಲಗಿತ್ತು. ಐವತ್ತು ಮೀಟರಾದರೂ ಇರಬೇಕು.

"ಇಷ್ಟ್ಯಾಕ ಸುತ್ತಿ ಇಟ್ಟೀರಿ?" ಎಂದು ಪ್ರಾಣೇಶ ಹಿಂದಿಯಲ್ಲಿ ಕೇಳಿದ.

ಯಾದಯ್ಯನಿಗೆ ಈ ಪ್ರಶ್ನೆಯೇ ತಮಾಷೆಯಾಗಿತ್ತು. ದರ್ಜಿ ಬಟ್ಟೆಯ ಅಂಚಿನಲ್ಲಿ ಮಡಿಕೆ ಬಿಡುವುದಿಲ್ಲವೇ, ಹಾಗೆ, ಎಂದ. ಜೆಸಿಬಿ ಬಂದು ಕಡಿದರೆ ಎಳೆದು ಜೋಡಿಸಲು ಹೆಚ್ಚಿನ ಕೇಬಲ್ ಬೇಕು. ಪ್ರತಿ ಗುಂಡಿಯಲ್ಲೂ ಒಂದಷ್ಟು ಬಿಡುವುದು ಅವರ ಪದ್ಧತಿ. ಕಡಿದ ಕಡೆಯೆಲ್ಲ ಹೊಸ ಗುಂಡಿ, ಹೊಸ ಸುತ್ತು. ರಸ್ತೆ ಅಗಲವಾದಾಗ, ಮೇಲ್ಸೇತುವೆ ಬಂದಾಗ, ಊರು ಬಳಸಿ ಹೋದಾಗ ಕೇಬಲ್ಲೂ ಬಳಸಿತು. ಯಾರೂ ಕಾಗದ ತಿದ್ದಲಿಲ್ಲ. ಬೆಳಕು ಮಾತ್ರ ಈ ಪ್ರತಿಯೊಂದು ಸುತ್ತಿನಲ್ಲೂ ಸುತ್ತಿಯೇ ಮುಂದೆ ಹೋಗಬೇಕು. ಅದಕ್ಕೆ ಅಡ್ಡದಾರಿ ಇಲ್ಲ. ಇಷ್ಟು ವರ್ಷ ಕೇಬಲ್ ಜೊತೆ ಬದುಕಿದ ಪ್ರಾಣೇಶನಿಗೆ ಇದು ಹೊಳೆಯಲಿಲ್ಲ ನೋಡಿ! ನಕ್ಷೆಯ ಗೆರೆಯನ್ನು ನಂಬಿದ. ಇಷ್ಟದ ಊರು ಗೆರೆಯ ತುದಿಯಲ್ಲಿದ್ದರೆ ಎಂಥವನೂ ನಂಬುತ್ತಾನೆ.

"ಈ ಸುತ್ತೆಲ್ಲಾ ಕತ್ತರಿಸಿದ್ರ?" ಎಂದು ನಾನು ಕೇಳಿದೆ.

ಯಾದಯ್ಯ ನನ್ನ ಮುಖ ನೋಡಿದ. "ಒದ್ದಮ್ಮಾ," ಎಂದ. ತೆಲುಗಿನಲ್ಲಿ ಬೇಡಮ್ಮಾ ಎಂದ ಹಾಗೆ. ಕತ್ತರಿಸಿದರೆ ನಾಲ್ಕು ಕಿಲೋಮೀಟರ್ ಕಡಿಮೆಯಾದೀತು, ಮುಂದಿನ ಸಲ ಜೆಸಿಬಿ ಕಡಿದಾಗ ದಿನಗಟ್ಟಲೆ ಜೋಡಿಸಲಾಗದು. ನಾಲ್ಕು ಕಳೆದರೂ ನೂರಾ ಎಂಟು.

ಅಲ್ಲಿಂದ ಜಹೀರಾಬಾದು ಒಂದು ಗಂಟೆಯ ದಾರಿಯೂ ಅಲ್ಲ. ಹೋಗೋಣವೇ ಎಂದೆ. ಅವನು ಬೇಡ ಎಂದು ತಲೆ ಅಲ್ಲಾಡಿಸಿದ. ಜೀಪು ತಿರುಗಿಸಿದೆವು.

ವಾರದ ಕೊನೆಗೆ ಕಾಗದ ತುಂಬಬೇಕಿತ್ತು. ಕೇಬಲ್ಲಿನ ಉದ್ದ ಎಂಬ ಕಡೆ ಒಂದು ಖಾಲಿ ಜಾಗ, ಕೆಳಗೆ ಅವನ ಸಹಿ. ಅಳೆದದ್ದು ನಾವಿಬ್ಬರೇ. ವಿಶ್ವಜಿತ್ ತೊಂಬತ್ತನಾಲ್ಕು ಎಂದೇ ಕೂತಿದ್ದರು. ಹೂತವರ ಕಾಗದ ತೊಂಬತ್ತೇಳು ಎನ್ನುತ್ತಿತ್ತು. ನಾನು ಹೇಳಿದೆ, ಇವತ್ತೂ ಅಡಗಿಸುವುದಿಲ್ಲ, ನಾನೇ ಹೇಳಿದೆ.

"ತೊಂಬತ್ತೇಳು ಬರಿ. ಅವರ ಕಾಗದ ಐತಿ, ನಿನ್ನ ಮೇಲೆ ಏನೂ ಬರಂಗಿಲ್ಲ. ಅಮಿತಾ ಒಂದು ಅವಕಾಶ ಬಿಟ್ಟಾಳ ನಿನ್ನ ಮಾತು ಕೇಳಿ. ಇದನೂ ಕಳೀತೀಯಾ?"

"ಸಂಕ್ರಾಂತಿ ಹಿಂದಿನ ದಿನ ನೆನಸಿಕೋರಿ ಅಕ್ಕಾ."

"ಏನು ನೆನಸಿಕೊಳ್ಳೂದು?"

"ಒಂದು ಕಿಲೋಮೀಟರ್ ಹೋಗಿ ಬರಾಕ ಬೆಳಕಿಗೆ ಸೆಕೆಂಡಿನ ಲಕ್ಷದಾಗಿನ ಒಂದು ಪಾಲು ಬೇಕು. ನೂರಾ ಹನ್ನೆರಡು ಪಾಲು ಒಂದೊಂದು ಪ್ರಶ್ನೆಗೆ. ಒಂದು ಟಿಕೆಟ್ಟಿಗೆ ಮೂವತ್ತು ಪ್ರಶ್ನೆ. ಊರಿಗೆ ಊರಽ ಟಿಕೆಟ್ ತೆಗೀತೈತಿ ಅವತ್ತು. ಮಷೀನ್ ಕೇಳಿ ನಿಂದರತೈತಿ, ಹಿಂದಿನದು ನಿಂದರತೈತಿ, ಅದರ ಹಿಂದಿನದು ನಿಂದರತೈತಿ. ಗಡಿಯಾರ ಒಂದಕ್ಕೊಂದು ತಪ್ಪಿದ್ರ ಒಂದು ಮಷೀನ್ ಇನ್ನೊಂದನ್ನ ಹೊರಗ ಹಾಕತೈತಿ. ಬಸ್ ಸ್ಟ್ಯಾಂಡಿನಾಗ ಮಕ್ಕಳ ಕಟಕೊಂಡು ನಿಂತವರಿಗೆ ನಾ ಏನಂತ ಹೇಳಲಿ? ನನಗ ಹೆಂಡತಿ ಜೋಡಿ ಇರಬೇಕಾಗಿತ್ತು ಅಂತಾನ?"

"ಹೌದು ಅಂತ ಹೇಳು!" ಎಂದು ಕೂಗಿದೆ. ಸುತ್ತಲಿನವರು ತಿರುಗಿ ನೋಡಿದರು.

ಅವನು ಕಾಗದ ಎಳೆದುಕೊಂಡ. ನೂರಾ ಹನ್ನೆರಡು ಎಂದು ಬರೆದು ಸಹಿ ಹಾಕಿದ. ಅಕ್ಷರ ಯಾವಾಗಿನ ಹಾಗೆ ದುಂಡಗೆ ಇತ್ತು. ನಾನು ಆ ದಿನ ಅವನ ಜೊತೆ ಊಟಕ್ಕೆ ಕೂರಲಿಲ್ಲ.

ವಿಶ್ವಜಿತ್ ಕಾಗದ ನೋಡಿ ತಲೆ ಹಿಡಿದುಕೊಂಡರು. ಆಮೇಲೆ ಅವನ ಭುಜ ತಟ್ಟಿದರು. ಎರಡನೆಯ ಯಂತ್ರ ಹೊರವರ್ತುಲ ರಸ್ತೆಯ ಪಕ್ಕಕ್ಕೆ ಹೋಗುವುದು ಎಂದಾಯಿತು, ಮೂವತ್ತೊಂದು ಕಿಲೋಮೀಟರ್, ಈ ಸಲ ಕೇಬಲ್ಲನ್ನೇ ಅಳೆದು. ಜಹೀರಾಬಾದಿನಲ್ಲಿ ಮೂರನೆಯದೊಂದನ್ನು ಇಟ್ಟರೆ ಹೇಗೆ, ಜೋಡಿಯಾಗಿ ಬೇಡ, ಸ್ವಲ್ಪ ತಡವಾಗಿ ಹಿಂದೆ ಹಿಂದೆ ನಕಲು ಮಾಡಿಕೊಳ್ಳುವ ಯಂತ್ರವಾಗಿ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಅಂಥದ್ದು ಇನ್ನೂ ದೂರ ಇರಬೇಕು, ಭೂಮಿ ನಡುಗಿದರೂ ಎರಡೂ ಕಡೆ ಒಟ್ಟಿಗೆ ನಡುಗಬಾರದು, ಐನೂರು ಕಿಲೋಮೀಟರಾದರೂ ಬೇಕು ಎಂದರು. ಜೋಡಿಗೆ ಜಹೀರಾಬಾದು ತೀರಾ ದೂರ, ನಕಲಿಗೆ ತೀರಾ ಹತ್ತಿರ. ಯಾವುದಕ್ಕೂ ಬಾರದ ಊರು. 

ಬುಧವಾರ ಬೆಳಗ್ಗೆ ಅವನ ಕುರ್ಚಿ ಖಾಲಿ ಇತ್ತು. ನನ್ನ ಮೇಜಿನ ಮೇಲೆ ಒಂದು ಲಕೋಟೆ. ಒಳಗೆ ವಿಶ್ವಜಿತ್‌ರಿಗೆ ಬರೆದ ರಾಜೀನಾಮೆ. ಕೂಡಿಬಿದ್ದ ರಜೆಯನ್ನು ನೋಟಿಸಿನ ಅವಧಿಗೆ ಹಿಡಿದುಕೊಳ್ಳಬೇಕೆಂದು ಬರೆದಿದ್ದ. ಜೊತೆಗೆ ನನಗೊಂದು ಚೀಟಿ. ಹೊರವರ್ತುಲದ ಕೆಲಸ ಯಾರಿಗೆ ಹೇಗೆ ಒಪ್ಪಿಸಬೇಕೆಂದು ಎರಡು ಪುಟ, ಕೊನೆಗೆ "ಮಷೀನ್ ಅಲ್ಲಿಗೆ ಬರಂಗಿಲ್ಲಂತ ನಾನಽ ಬರದು ಕೊಟ್ಟೀನಿ ಅಕ್ಕಾ, ಇನ್ನ ನಾನರೆ ಹೋಗಬೇಕಲ್ರಿ" ಎಂದು ಒಂದು ಸಾಲು. ನನಗೆ ಅಳು ಬಂತು. ಅವನಿಗೆ ಐವತ್ತೊಂದರ ವಯಸ್ಸು. ಆ ಊರಿನಲ್ಲಿ ಇವನ ವಿದ್ಯೆಯನ್ನು ಕೇಳುವವರೇ ಇಲ್ಲ. ಏನು ಮಾಡುತ್ತಾನೆ ಮಂಕ? ಆ ಎರಡು ಕಪಾಟುಗಳನ್ನು ಅವನು ಎಷ್ಟು ಪ್ರೀತಿಸುತ್ತಿದ್ದ ಎಂದು ನನಗೆ ಗೊತ್ತು. ಒಂದು ಕೈಯಲ್ಲಿ ಅವನ್ನೂ ಇನ್ನೊಂದರಲ್ಲಿ ಅಮಿತಾಳನ್ನೂ ಹಿಡಿಯಬಹುದು ಎಂದುಕೊಂಡು ಹತ್ತೊಂಬತ್ತು ವರ್ಷ ಕಳೆದಿದ್ದ.

ಮುಂದಿನದು ಅಮಿತಾ ಹೇಳಿದ್ದು. ಮಧ್ಯಾಹ್ನ ಶಾಲೆಯಿಂದ ಬಂದರೆ ಇವನು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದನಂತೆ.  ಬುಧವಾರ ಬಂದಿದ್ದಾನೆ ಎಂದರೆ ಯಾರೋ ತೀರಿಕೊಂಡಿರಬೇಕು ಎಂದುಕೊಂಡಳು.

"ಯಾರಿಗೇನಾತು?" ಎಂದಳು.

"ಯಾರಿಗೂ ಏನಾಗಿಲ್ಲ. ನಾ ನಿನಗ ತೊಂಬತ್ತನಾಲ್ಕು ಅಂದಿದ್ದೆ. ನೂರಾ ಹನ್ನೆರಡು ಐತಿ."

ಅವಳು ವಿಜ್ಞಾನ ಹೇಳುವವಳು, ಬಿಡಿಸಿ ಹೇಳಬೇಕಾಗಲಿಲ್ಲ. ಕೈಯಲ್ಲಿದ್ದ ಮಕ್ಕಳ ಪುಸ್ತಕಗಳನ್ನು ಕಟ್ಟೆಯ ಮೇಲೆ ಎಸೆದಳು. "ಒಮ್ಮೆ ಅಳದು ನೋಡಿ ಹೇಳಬಾರದಿತ್ತಾ? ತಾರ್ನಾಕದ ಶಾಲಿ ಬಿಡಿಸಿದ್ರಲ್ರೀ ನನಗ! ನಕ್ಷೆ ನೋಡಿ ನನ್ನ ಬಾಳೆ ಮಾಡಾಕ ಹೋಗಿದ್ರ್ಯಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳಂತೆ. ಹತ್ತೊಂಬತ್ತು ವರ್ಷದಲ್ಲಿ ಅವರು ಜಗಳಾಡಿರಲೇ ಇಲ್ಲ. ವಾರಕ್ಕೊಂದು ದಿನ ಸಿಕ್ಕವರು ಅದನ್ನು ಜಗಳಕ್ಕೆ ಹಾಳುಮಾಡುತ್ತಾರೆಯೇ? ಅವತ್ತು ಸಂಜೆಯ ತನಕ ಬೈದಳು. ಇವನು ಕೂತು ಕೇಳಿದ. ಬೈದು ಬೈದು ದಣಿದ ಮೇಲೆ, ಹಂಚಿಗೆ ರೊಟ್ಟಿ ಹಾಕುತ್ತ, ಬೆನ್ನು ತಿರುಗಿಸಿಯೇ ಕೇಳಿದಳು, "ಕಡೀ ಬಸ್ಸು ಎಷ್ಟಕ್ಕ?"

"ನಾ ಹೋಗೂದಿಲ್ಲ," ಎಂದ ಇವನು. "ಕೆಲಸ ಬಿಟ್ಟು ಬಂದೀನಿ. ಸಿಟ್ಟು ಇನ್ನೂ ಇದ್ರ ನಾಳೆ ಬೈಯವಂತಿ."

ಮರುದಿನ ಬೆಳಗ್ಗೆ ನಾನೇ ಫೋನ್ ಮಾಡಿದೆ, ಇವನಿಗೆ ನಾಲ್ಕು ಮಾತು ಅನ್ನಬೇಕೆಂದು. ಫೋನ್ ಎತ್ತಿದವಳು ಅಮಿತಾ. ಶಾಲೆಗೆ ಹೊರಟಿದ್ದಳು, ಏದುಸಿರು. ಎಲ್ಲಿ ಅವನು ಎಂದೆ. ಹಿತ್ತಲಿನಲ್ಲಿ ನಿಂತಿದ್ದಾನೆ, ಚಹಾ ಆರುತ್ತಿದೆ, ನಲ್ಲಿಯಲ್ಲಿ ನೀರು ಬಂದರೂ ಗೊತ್ತಾಗಿಲ್ಲ ಎಂದಳು.  ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

"ಅಕ್ಕಾ," ಎಂದಳು, "ಇವ್ರು ಗುರುವಾರ ಹ್ಯಾಂಗಿರ್ತಾರ ಅನ್ನೂದು ನನಗ ಗೊತ್ತಽ ಇರಲಿಲ್ಲ ನೋಡ್ರಿ."